ಸಮುದ್ರದ ಮೀನಿಗೆ ಕಾಯಿಲೆ ಬಂದರೆ: ಮೊದಲು ಉಸಿರು ನೋಡಿ, ಚುಕ್ಕೆ ಆಮೇಲೆ

ಉಪ್ಪುನೀರಿನ ಟ್ಯಾಂಕ್‌ನಲ್ಲಿ ಮೀನು ಸೊರಗಿದ್ದು ಕಂಡ ಕೂಡಲೇ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಅಂಗಡಿಗೆ ಫೋನ್ ಮಾಡುತ್ತಾರೆ, ಅವರು ಹೇಳಿದ ಬಾಟಲಿ ತರುತ್ತಾರೆ, ನೇರವಾಗಿ ಮುಖ್ಯ ಟ್ಯಾಂಕ್‌ಗೆ ಸುರಿಯುತ್ತಾರೆ. ಇದರಿಂದ ಮೀನು ಉಳಿಯುವುದು ಕಡಿಮೆ. ಹವಳ, ಸಿಗಡಿ, ಬಸವನಹುಳು ಸಾಯುವುದೇ ಜಾಸ್ತಿ.

ಸಿಹಿನೀರಿನ ಮೀನು ಸಾಕಿದ ಅನುಭವವೂ ಇಲ್ಲಿ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಗಪ್ಪಿಗೋ ಗೋಲ್ಡ್‌ಫಿಶ್‌ಗೋ ಬಿಳಿ ಚುಕ್ಕೆ ಬಂದಾಗ ಕಲ್ಲುಪ್ಪು ಹಾಕಿ, ಹೀಟರ್ 30 ಡಿಗ್ರಿಗೆ ಏರಿಸಿ ಗುಣಪಡಿಸಿದವರು ಬೇಕಾದಷ್ಟು ಜನ ಇದ್ದಾರೆ. ಸಮುದ್ರದ ಮೀನು ಮೊದಲೇ ಉಪ್ಪಿನಲ್ಲಿದೆ. ಅಲ್ಲಿ ಬಿಸಿ ಏರಿಸಿದರೆ ಪರಾವಲಂಬಿ ಸಾಯುವುದಿಲ್ಲ, ಅದರ ಬೆಳವಣಿಗೆಗೆ ವೇಗ ಸಿಗುತ್ತದೆ ಅಷ್ಟೇ. ಜೊತೆಗೆ ನೀರಿನಲ್ಲಿ ಆಮ್ಲಜನಕ ಇನ್ನಷ್ಟು ಇಳಿಯುತ್ತದೆ. ಅಂಗಡಿಯಲ್ಲಿ ಎಲ್ಲದಕ್ಕೂ ಕೊಡುವ ನೀಲಿ ಔಷಧ, ಅಂದರೆ ಮೆಥಿಲೀನ್ ಬ್ಲೂ, ಇಲ್ಲಿ ಮುಖ್ಯ ರೋಗಗಳಿಗೆ ಮದ್ದಲ್ಲ. ಅದು ಫಿಲ್ಟರ್‌ನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ.

ಕೆಳಗಿನ ಕ್ರಮದಲ್ಲಿ ಹೋಗಿ. ಮೊದಲ ಎರಡು ಹಂತಕ್ಕೆ ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆ ಯಾವ ಬಾಟಲಿಯ ಮುಚ್ಚಳವನ್ನೂ ತೆಗೆಯಬೇಡಿ.

ಹಂತ 1: ನೀರಿನ ಪರೀಕ್ಷೆ

ಉಷ್ಣತೆ 24ರಿಂದ 27 ಡಿಗ್ರಿ. ಉಪ್ಪಿನಂಶ (ಸ್ಪೆಸಿಫಿಕ್ ಗ್ರಾವಿಟಿ ಲೆಕ್ಕದಲ್ಲಿ) 1.025ರ ಆಸುಪಾಸು. ಪಿಎಚ್ 8.0ರಿಂದ 8.4. ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ. ಇದರಲ್ಲಿ ಯಾವುದಾದರೂ ಕೆಟ್ಟಿದ್ದರೆ ಮೊದಲ ಚಿಕಿತ್ಸೆ ನೀರು ಬದಲಿಸುವುದೇ. ಅಮೋನಿಯಾವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪಿಎಚ್ ಜಾಸ್ತಿ ಇದ್ದಷ್ಟೂ ಅದರ ವಿಷ ಜಾಸ್ತಿ, ಸಮುದ್ರದ ನೀರಿನ ಪಿಎಚ್ ಯಾವಾಗಲೂ ಮೇಲೆಯೇ ಇರುತ್ತದೆ. ಹಳೆಯ, ಚೆನ್ನಾಗಿ ನಡೆಯುತ್ತಿದ್ದ ಟ್ಯಾಂಕ್‌ನಲ್ಲಿ ಅಮೋನಿಯಾ ಕಂಡರೆ ಕಲ್ಲಿನ ಹಿಂದೆ ಏನೋ ಸತ್ತು ಕೊಳೆಯುತ್ತಿದೆಯೇ ಅಂತ ಹುಡುಕಿ.

ಆಮೇಲೆ ಗಾಳಿ. ಒಂದೇ ಉಷ್ಣತೆಯಲ್ಲಿ ಉಪ್ಪುನೀರು ಸಿಹಿನೀರಿಗಿಂತ ಸುಮಾರು 20% ಕಡಿಮೆ ಆಮ್ಲಜನಕ ಹಿಡಿದಿಡುತ್ತದೆ. ರಾತ್ರಿ ಕರೆಂಟ್ ಹೋಗಿ ಪಂಪ್ ನಿಂತಿದ್ದರೆ ಬೆಳಿಗ್ಗೆ ಮೀನುಗಳು ಮೇಲ್ಮೈಯಲ್ಲಿ ಬಾಯಿ ತೆರೆದು ಒದ್ದಾಡುತ್ತಿರುತ್ತವೆ. ಇದು ರೋಗವಲ್ಲ. ಬ್ಯಾಟರಿಯಲ್ಲಿ ನಡೆಯುವ ಒಂದು ಏರ್ ಪಂಪ್ ಮನೆಯಲ್ಲಿರಲಿ, ಏಪ್ರಿಲ್ ಮೇ ತಿಂಗಳ ಕರೆಂಟ್ ಕಣ್ಣಾಮುಚ್ಚಾಲೆಗೆ ಅದು ಬೇಕೇ ಬೇಕು.

ಮನೆಯೊಳಗೆ ಏನು ನಡೆಯಿತು ಅಂತಲೂ ಯೋಚಿಸಿ. ಹಬ್ಬಕ್ಕೆ ಮುಂಚೆ ಗೋಡೆಗೆ ಪೇಂಟ್ ಹೊಡೆಸಿದಿರಾ? ಜಿರಳೆಗೆ ಸ್ಪ್ರೇ ಮಾಡಿದಿರಾ? ಟ್ಯಾಂಕ್ ಪಕ್ಕದ ಪ್ಲಗ್‌ನಲ್ಲಿ ಸೊಳ್ಳೆ ಓಡಿಸುವ ಲಿಕ್ವಿಡ್ ಉರಿಯುತ್ತಿದೆಯಾ? ಜಿರಳೆ ಸ್ಪ್ರೇ, ಸೊಳ್ಳೆ ಲಿಕ್ವಿಡ್‌ಗಳಲ್ಲಿರುವ ಪೈರೆಥ್ರಾಯ್ಡ್ ಜಾತಿಯ ವಿಷ ಮೀನಿಗೂ ಸಿಗಡಿಗೂ ತುಂಬಾ ಅಪಾಯ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತಳ್ಳುತ್ತಿರುತ್ತದೆ. ಎಲ್ಲ ಮೀನುಗಳಿಗೂ ಒಂದೇ ಗಳಿಗೆಯಲ್ಲಿ ಉಸಿರು ಏರಿದ್ದರೆ, ಸಿಗಡಿಗಳೂ ತತ್ತರಿಸುತ್ತಿದ್ದರೆ, ಮೊದಲ ಅನುಮಾನ ನೀರಿನ ಮೇಲೆ ಇರಲಿ. ಮೀನಿಗೆ ಮಾತ್ರ ತೊಂದರೆ, ಸಿಗಡಿ ಹವಳ ಆರಾಮಾಗಿವೆ ಅಂದರೆ ರೋಗದ ಕಡೆ ತಿರುಗಿ.

ಹಂತ 2: ಸುಮ್ನೆ ಕೂತು ನೋಡಿ

ಟ್ಯಾಂಕ್‌ನಿಂದ ನಾಲ್ಕಡಿ ದೂರ ಕುರ್ಚಿ ಹಾಕಿ ಕೂರಿ. ಮೀನು ನಿಮ್ಮನ್ನು ಮರೆಯಬೇಕು. ಹತ್ತಿರ ಹೋಗಿ ಗಾಜಿಗೆ ಮೂಗು ತಾಗಿಸಿದರೆ ಅದು ಊಟ ಬಂತು ಅಂತ ಓಡಿ ಬರುತ್ತದೆ, ಇಲ್ಲವೇ ಅಡಗುತ್ತದೆ. ಎರಡರಿಂದಲೂ ಏನೂ ಗೊತ್ತಾಗುವುದಿಲ್ಲ.

ಮೊದಲು ನೋಡಬೇಕಾದದ್ದು ಕಿವಿರಿನ ಬಡಿತ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಜಾತಿಯಿಂದ ಜಾತಿಗೆ ಇದು ಬೇರೆ ಇರುವುದರಿಂದ ಒಂದೇ ಸಂಖ್ಯೆಯನ್ನು ನಂಬಬೇಡಿ. ಅದೇ ಜಾತಿಯ ಆರೋಗ್ಯವಾದ ಮೀನು ಇದ್ದರೆ ಅದರ ಬಡಿತ ಎಣಿಸಿ ಹೋಲಿಸಿ. ಒಂದೇ ಕಡೆಯ ಕಿವಿರು ಆಡುತ್ತಿದೆಯಾ, ಇನ್ನೊಂದು ಮುಚ್ಚಿಕೊಂಡಿದೆಯಾ ಅಂತಲೂ ನೋಡಿ. ಕಿವಿರಿಗೆ ಹುಳು ಅಥವಾ ಪರಾವಲಂಬಿ ಹತ್ತಿದಾಗ ಹೀಗಾಗುತ್ತದೆ.

ಉಸಿರಿಗೆ ಇಷ್ಟು ಒತ್ತು ಕೊಡಲು ಕಾರಣ ಇದೆ. ಕೊಲ್ಲುವ ಪರಾವಲಂಬಿಗಳು ಮೊದಲು ಸೇರಿಕೊಳ್ಳುವುದು ಕಿವಿರಿನಲ್ಲಿ. ಚರ್ಮದ ಮೇಲೆ ಕಾಣಿಸುವ ಹೊತ್ತಿಗೆ ಒಳಗೆ ಅರ್ಧ ಕೆಲಸ ಮುಗಿದಿರುತ್ತದೆ. ಮೈಮೇಲೆ ಒಂದು ಚುಕ್ಕೆಯೂ ಇಲ್ಲದೆ ವೆಲ್ವೆಟ್ ರೋಗದಿಂದ ಸತ್ತ ಮೀನುಗಳಿಗೆ ಲೆಕ್ಕವಿಲ್ಲ. ಮೈಮೇಲೆ ಹತ್ತಾರು ಚುಕ್ಕೆ ಇದ್ದೂ ಆರಾಮಾಗಿ ಉಸಿರಾಡುತ್ತಾ ಊಟ ಮಾಡುವ ಟ್ಯಾಂಗ್ ಜಾತಿಯ ಮೀನಿಗೆ ನಿಮ್ಮ ಹತ್ತಿರ ಇನ್ನೂ ಸಮಯವಿದೆ.

ಇನ್ನು ನಡವಳಿಕೆ. ಪಂಪ್‌ನ ರಭಸದ ನೀರಿಗೆ ಮುಖ ಕೊಟ್ಟು ಅಲ್ಲೇ ನಿಂತಿದೆಯಾ? ಬೆಳಕು ಕಂಡರೆ ಮೂಲೆ ಹಿಡಿಯುತ್ತದೆಯಾ? ಕಲ್ಲಿಗೆ, ಮರಳಿಗೆ ಮೈ ಉಜ್ಜುತ್ತಿದೆಯಾ? ಊಟ ಬಾಯಿಗೆ ಹಾಕಿ ಉಗುಳುತ್ತದೆಯಾ? ಹಿಕ್ಕೆ ಬಿಳಿ ದಾರದ ಹಾಗೆ ಬರುತ್ತಿದೆಯಾ? ಮೊಬೈಲ್‌ನಲ್ಲಿ ಒಂದು ನಿಮಿಷ ವೀಡಿಯೊ ತೆಗೆದಿಡಿ, ನಾಳೆ ಹೋಲಿಸಿ ನೋಡಲು ಬೇಕಾಗುತ್ತದೆ. ಕೊನೆಗೆ ಲೈಟ್ ಎಲ್ಲ ಆರಿಸಿ, ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಡಿ. ಹಗಲು ಬೆಳಕಿನಲ್ಲಿ ಕಾಣದ ಸಣ್ಣ ಪುಡಿ, ಲೋಳೆ ಆಗ ಎದ್ದು ಕಾಣುತ್ತದೆ.

ಸುಳ್ಳು ಗಾಬರಿಗಳೂ ಇವೆ. ಬ್ಲೂ ಟ್ಯಾಂಗ್ ಹೆದರಿದಾಗ ಸತ್ತಂತೆ ಅಡ್ಡ ಮಲಗುತ್ತದೆ. ಕ್ಲೌನ್‌ಫಿಶ್ ರಾತ್ರಿ ವಾಲಿಕೊಂಡು ಚಿತ್ರವಿಚಿತ್ರವಾಗಿ ನಿದ್ದೆ ಮಾಡುತ್ತದೆ. ಹಲವು ಜಾತಿಯ ವ್ರಾಸ್‌ಗಳು ಮರಳಿನೊಳಗೆ ಹೂತುಕೊಂಡೇ ಮಲಗುತ್ತವೆ, ಹೊಸದಾಗಿ ಬಂದದ್ದು ಕೆಲವು ದಿನ ಕಾಣದೇ ಇರಬಹುದು. ಕ್ಲೌನ್ ಹೊಸ ಹವಳದಲ್ಲಿ ಹೊರಳಾಡಿದರೆ ಮೈಮೇಲೆ ಕಪ್ಪು ಕಲೆ ಬರುತ್ತದೆ, ತಾನಾಗಿ ಹೋಗುತ್ತದೆ. ಚರ್ಮಕ್ಕೆ ಅಂಟಿದ ಮರಳಿನ ಕಣ, ಗಾಳಿಗುಳ್ಳೆಗಳನ್ನು ನೋಡಿ ರೋಗ ಅಂದುಕೊಂಡವರೂ ಇದ್ದಾರೆ. ಮಾರನೆ ದಿನಕ್ಕೆ ಆ ಚುಕ್ಕೆ ಅದೇ ಜಾಗದಲ್ಲಿ ಇದೆಯಾ ನೋಡಿದರೆ ಗೊತ್ತಾಗುತ್ತದೆ.

ಹಂತ 3: ಯಾವ ರೋಗ?

ವೇಗದಲ್ಲಿ ಕೊಲ್ಲುವುದರಿಂದ ನಿಧಾನದ್ದರ ಕಡೆಗೆ ಹೋಗೋಣ. ಮೊದಲ ಎರಡರಲ್ಲಿ ನಿಮಗೆ ಸಿಗುವುದು ಗಂಟೆಗಳು, ದಿನಗಳಲ್ಲ.

*ವೆಲ್ವೆಟ್.* ಅಮೈಲೂಡಿನಿಯಂ ಒಸೆಲ್ಲೇಟಮ್ ಅನ್ನುವ ಸೂಕ್ಷ್ಮಜೀವಿಯಿಂದ ಬರುತ್ತದೆ. ಏದುಸಿರು, ಊಟ ಪೂರ್ತಿ ಬಂದ್, ಪಂಪ್‌ನ ಹರಿವಿಗೆ ಮುಖ ಕೊಟ್ಟು ನಿಲ್ಲುವುದು, ಬೆಳಕಿಗೆ ಹೆದರುವುದು. ಮೈಮೇಲೆ ಬಂಗಾರದ ಬಣ್ಣದ ಇಲ್ಲವೇ ಬೂದು ಬಣ್ಣದ ಸಣ್ಣ ಪುಡಿ ಉದುರಿಸಿದ ಹಾಗೆ ಕಾಣಬಹುದು, ಎಣಿಸಲು ಆಗದಷ್ಟು ಸಣ್ಣದು. ಎರಡು ಮೂರು ದಿನದಲ್ಲಿ ಇಡೀ ಟ್ಯಾಂಕ್ ಖಾಲಿ ಮಾಡುವ ತಾಕತ್ತು ಇದಕ್ಕಿದೆ.

*ಬ್ರೂಕ್.* ಬ್ರೂಕ್ಲಿನೆಲ್ಲಾ ಹಾಸ್ಟಿಲಿಸ್. ಕ್ಲೌನ್‌ಫಿಶ್‌ಗಳಲ್ಲಿ, ಅದರಲ್ಲೂ ಸಮುದ್ರದಿಂದ ಹಿಡಿದು ತಂದವುಗಳಲ್ಲಿ ಎಷ್ಟು ಸಾಮಾನ್ಯ ಅಂದರೆ ಇದನ್ನು ಕ್ಲೌನ್‌ಫಿಶ್ ರೋಗ ಅಂತಲೇ ಕರೆಯುತ್ತಾರೆ. ಮೈಯಿಂದ ಬಿಳಿ ಲೋಳೆ ಪದರ ಪದರವಾಗಿ ಏಳುತ್ತದೆ, ಬಣ್ಣ ಮಾಸುತ್ತದೆ, ಉಸಿರು ಏರುತ್ತದೆ. ಚುಕ್ಕೆಯಲ್ಲ, ಲೋಳೆ. ಈ ವ್ಯತ್ಯಾಸ ನೆನಪಿಡಿ, ಏಕೆಂದರೆ ವೆಲ್ವೆಟ್‌ಗೆ ಕೆಲಸ ಮಾಡುವ ಕಾಪರ್ (ತಾಮ್ರದ ಔಷಧ) ಬ್ರೂಕ್‌ಗೆ ಕೆಲಸ ಮಾಡುವುದಿಲ್ಲ.

*ಯುರೋನೀಮಾ.* ಗ್ರೀನ್ ಕ್ರೋಮಿಸ್, ಆಂಥಿಯಾಸ್‌ಗಳ ಪಕ್ಕೆಯಲ್ಲಿ ಸುಟ್ಟ ಗಾಯದಂಥ ಕೆಂಪು ಹುಣ್ಣು. ಇದನ್ನು ಹರಡುವ ಜೀವಿ ಮೀನೇ ಇಲ್ಲದೆಯೂ ಟ್ಯಾಂಕ್‌ನಲ್ಲಿ ಬದುಕಬಲ್ಲದು. ಹುಣ್ಣು ಕಾಣುವ ಹೊತ್ತಿಗೆ ಒಳಗಿನ ಅಂಗಗಳಿಗೂ ಹರಡಿರಬಹುದು. ನಿಜ ಹೇಳಬೇಕೆಂದರೆ ಉಳಿಯುವ ಸಾಧ್ಯತೆ ಕಡಿಮೆ. ಅಂಗಡಿಯ ಟ್ಯಾಂಕ್‌ನಲ್ಲಿ ಒಂದು ಕ್ರೋಮಿಸ್‌ಗೆ ಕೆಂಪು ಕಲೆ ಕಂಡರೂ ಆ ಗುಂಪಿನಿಂದ ಯಾವುದನ್ನೂ ತರಬೇಡಿ.

*ಇಚ್.* ಎಲ್ಲರಿಗೂ ಗೊತ್ತಿರುವ ಬಿಳಿ ಚುಕ್ಕೆ ರೋಗ, ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್. ರವೆಯ ಕಾಳಿನಷ್ಟು ದಪ್ಪದ, ಬಿಡಿಬಿಡಿಯಾದ, ಎಣಿಸಬಹುದಾದ ಬಿಳಿ ಚುಕ್ಕೆಗಳು. ಟ್ಯಾಂಗ್‌ಗಳಿಗೆ ಬಹಳ ಬೇಗ ಹತ್ತುತ್ತದೆ. ಇದರ ಜೀವನಚಕ್ರ ತಿಳಿಯದೆ ಚಿಕಿತ್ಸೆ ಶುರುಮಾಡಬಾರದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಪರಾವಲಂಬಿ ಮೀನಿನ ಚರ್ಮದ ಕೆಳಗೆ 3ರಿಂದ 7 ದಿನ ಕೂತು ತಿನ್ನುತ್ತದೆ. ನಾವು ನೋಡುವ ಚುಕ್ಕೆ ಇದೇ. ಆಮೇಲೆ ಉದುರಿ ತಳಕ್ಕೆ ಬಿದ್ದು, ಕಲ್ಲಿಗೋ ಗಾಜಿಗೋ ಅಂಟಿಕೊಂಡು, ಗಟ್ಟಿ ಚಿಪ್ಪು ಕಟ್ಟಿಕೊಳ್ಳುತ್ತದೆ. ಚಿಪ್ಪಿನೊಳಗೆ ಒಂದು ನೂರಾರು ಆಗುತ್ತದೆ. ಕನಿಷ್ಠ 3 ದಿನ, ಸಾಮಾನ್ಯವಾಗಿ ನಾಲ್ಕು ವಾರದೊಳಗೆ, ಅಪರೂಪಕ್ಕೆ 72 ದಿನದವರೆಗೂ ತೆಗೆದುಕೊಂಡು ಒಡೆಯುತ್ತದೆ. ಹೊರಬಂದ ಮರಿಗಳು ಒಂದೆರಡು ದಿನದೊಳಗೆ ಮೀನನ್ನು ಹಿಡಿಯದಿದ್ದರೆ ಸಾಯುತ್ತವೆ.

ಔಷಧ ತಾಗುವುದು ಈ ಕೊನೆಯ, ಈಜುವ ಹಂತಕ್ಕೆ ಮಾತ್ರ. ಚರ್ಮದ ಕೆಳಗಿರುವಾಗಲೂ ತಾಗುವುದಿಲ್ಲ, ಚಿಪ್ಪಿನೊಳಗಿರುವಾಗಲೂ ತಾಗುವುದಿಲ್ಲ. ಬೆಳ್ಳುಳ್ಳಿ ರಸ ಹಾಕಿದೆ, ಸಿಗಡಿ ಬಿಟ್ಟೆ, ನಾಲ್ಕೇ ದಿನಕ್ಕೆ ಚುಕ್ಕೆ ಮಾಯ ಅನ್ನುವ ಕಥೆಗಳ ಗುಟ್ಟು ಇದೇ. ಏನೂ ಮಾಡದಿದ್ದರೂ ಚುಕ್ಕೆ ನಾಲ್ಕು ದಿನಕ್ಕೆ ಉದುರುತ್ತಿತ್ತು. ಎರಡು ವಾರ ಕಳೆದು ಹತ್ತು ಪಟ್ಟು ಆಗಿ ಬರುತ್ತದೆ. ಬೆಳ್ಳುಳ್ಳಿಯ ವಾಸನೆಗೆ ಕೆಲವು ಮೀನು ಊಟ ಮಾಡಬಹುದು, ಅಷ್ಟರ ಮಟ್ಟಿಗೆ ಅದು ಸರಿ.

*ಫ್ಲೂಕ್.* ಚರ್ಮ, ಕಣ್ಣು, ಕಿವಿರಿಗೆ ಅಂಟುವ ಚಪ್ಪಟೆ ಹುಳುಗಳು. ಪಾರದರ್ಶಕವಾಗಿರುವುದರಿಂದ ಬರಿಗಣ್ಣಿಗೆ ಕಾಣುವುದಿಲ್ಲ. ಮೈ ಉಜ್ಜುವುದು, ತಲೆ ಕೊಡವುವುದು, ಆಗಾಗ ಆಕಳಿಸುವುದು, ಕಣ್ಣಿನ ಮೇಲೆ ಮಂಜು. ಊಟ ಮಾಡುತ್ತಲೇ ಇರುತ್ತದೆ, ದಿನದಿಂದ ದಿನಕ್ಕೆ ಸೊರಗುತ್ತದೆ.

*ಉಳಿದವು.* ಒಂದೇ ಕಣ್ಣು ಊದಿದ್ದರೆ ಬಹುಶಃ ಪೆಟ್ಟು ಬಿದ್ದಿದೆ, ನೀರು ಚೊಕ್ಕವಾಗಿಟ್ಟು ಕಾಯಿರಿ. ಎರಡೂ ಊದಿದ್ದರೆ ಒಳಗಿನ ಸೋಂಕಿನ ಅನುಮಾನ. ರೆಕ್ಕೆಯ ತುದಿಯಲ್ಲಿ ಹೂಕೋಸಿನಂಥ ಗಂಟು ಬಂದರೆ ಅದು ಲಿಂಫೋಸಿಸ್ಟಿಸ್ ಎಂಬ ವೈರಸ್. ಮದ್ದಿಲ್ಲ, ಮದ್ದು ಬೇಕಾಗಿಯೂ ಇಲ್ಲ. ನೀರು, ಊಟ ಸರಿಯಿದ್ದರೆ ತಾನಾಗಿ ಉದುರುತ್ತದೆ. ಇದನ್ನು ಇಚ್ ಅಂದುಕೊಂಡು ಕಾಪರ್ ಹಾಕಿ ಸುಮ್ಮನೆ ಹಿಂಸೆ ಕೊಡಬೇಡಿ.

ಹಂತ 4: ಸಿಹಿನೀರಿನಲ್ಲಿ ಐದು ನಿಮಿಷ

ಅನುಮಾನ ಬಗೆಹರಿಸಲು ಇದೊಂದು ಸುಲಭದ ಪರೀಕ್ಷೆ, ಜೊತೆಗೆ ಸ್ವಲ್ಪ ಚಿಕಿತ್ಸೆಯೂ ಹೌದು. ಕಪ್ಪು ಅಥವಾ ಗಾಢ ಬಣ್ಣದ ಬಕೆಟ್‌ನಲ್ಲಿ ಆರ್‌ಓ ನೀರು ತೆಗೆದುಕೊಳ್ಳಿ. ನಲ್ಲಿ ನೀರು ಬೇಡ, ಅದರಲ್ಲಿ ಕ್ಲೋರಿನ್ ಇರುತ್ತದೆ. ಟ್ಯಾಂಕ್‌ನ ಉಷ್ಣತೆಗೆ ಸರಿಹೊಂದಿಸಿ. ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡಾ ಹಾಕಿ ಪಿಎಚ್ ಅನ್ನು 8ರ ಆಸುಪಾಸಿಗೆ ತನ್ನಿ. ಅರ್ಧ ಗಂಟೆ ಏರ್ ಸ್ಟೋನ್ ಓಡಲಿ. ಆಮೇಲೆ ಮೀನನ್ನು ಬಿಟ್ಟು 3ರಿಂದ 5 ನಿಮಿಷ ಎದುರಿಗೇ ನಿಂತು ನೋಡಿ.

ಮೊದಲ ನಿಮಿಷ ಮೀನು ಒದ್ದಾಡುವುದು, ಅಡ್ಡ ಮಲಗುವುದು ಸಹಜ. ಉಸಿರೇ ನಿಂತಂತೆ ಕಂಡರೆ ಕೂಡಲೇ ವಾಪಸ್ ಉಪ್ಪುನೀರಿಗೆ. ಫ್ಲೂಕ್ ಇದ್ದರೆ ಅವು ಸಿಹಿನೀರಿನಲ್ಲಿ ಬೆಳ್ಳಗಾಗಿ ಉದುರುತ್ತವೆ, ಬಕೆಟ್‌ನ ಕಪ್ಪು ತಳದಲ್ಲಿ ಎಳ್ಳಿನಷ್ಟು ದೊಡ್ಡ ಬಿಳಿ ಚೂರುಗಳು ಕಾಣುತ್ತವೆ. ಕಿವಿರಿನ ವೆಲ್ವೆಟ್‌ಗೂ ಸ್ವಲ್ಪ ಆರಾಮ ಸಿಗಬಹುದು, ಗುಣವಂತೂ ಆಗುವುದಿಲ್ಲ. ಇಚ್‌ಗೆ ಇದರಿಂದ ಪ್ರಯೋಜನ ಇಲ್ಲ. ಮೀನು ಆಗಲೇ ಸೋತು ತಳ ಹಿಡಿದಿದ್ದರೆ ಈ ಹಂತವನ್ನು ಬಿಟ್ಟುಬಿಡಿ.

ಹಂತ 5: ಆಸ್ಪತ್ರೆ ಟ್ಯಾಂಕ್

40ರಿಂದ 80 ಲೀಟರಿನ ಖಾಲಿ ಗಾಜಿನ ಟ್ಯಾಂಕ್ ಸಾಕು. ಮರಳು ಬೇಡ, ಲೈವ್ ರಾಕ್ (ಬ್ಯಾಕ್ಟೀರಿಯಾ ಬೆಳೆದ ಸಮುದ್ರದ ಕಲ್ಲು) ಬೇಡ, ಅವು ಔಷಧವನ್ನು ಹೀರಿಕೊಳ್ಳುತ್ತವೆ. ಅಡಗಲು ಪಿವಿಸಿ ಪೈಪಿನ ತುಂಡು, ಮೊಣಕೈ ಜಾಯಿಂಟ್ ಹಾಕಿ. ಹೀಟರ್, ಸ್ಪಂಜ್ ಫಿಲ್ಟರ್, ಒಂದು ಹೆಚ್ಚುವರಿ ಏರ್ ಸ್ಟೋನ್. ಫಿಲ್ಟರ್‌ನ ಕಾರ್ಬನ್ ತೆಗೆದಿಡಿ, ಅದೂ ಔಷಧ ಹೀರುತ್ತದೆ. ಮೇಲೆ ಜಾಲರಿ ಮುಚ್ಚಿ, ಸಮುದ್ರದ ಮೀನುಗಳು ಬಹಳ ಹಾರುತ್ತವೆ.

ಇಲ್ಲಿ ಮೀನನ್ನು ಕೊಲ್ಲುವುದು ಹೆಚ್ಚಾಗಿ ರೋಗವಲ್ಲ, ಅಮೋನಿಯಾ. ಹೊಸ ಸ್ಪಂಜ್‌ನಲ್ಲಿ ಬ್ಯಾಕ್ಟೀರಿಯಾ ಇರುವುದಿಲ್ಲ. ಅದಕ್ಕೇ ಅನುಭವ ಇರುವವರು ಒಂದು ಸ್ಪಂಜ್ ಅನ್ನು ಯಾವಾಗಲೂ ಮುಖ್ಯ ಟ್ಯಾಂಕ್‌ನ ಸಂಪ್‌ನಲ್ಲಿ (ಕೆಳಗಿನ ಫಿಲ್ಟರ್ ತೊಟ್ಟಿಯಲ್ಲಿ) ಬಿಟ್ಟಿರುತ್ತಾರೆ. ನಿಮ್ಮ ಹತ್ತಿರ ಅದಿಲ್ಲದಿದ್ದರೆ ದಿನಾ ಅಮೋನಿಯಾ ನೋಡಿ, ಏರಿದರೆ ಮೂರನೇ ಒಂದು ಭಾಗ ನೀರು ಬದಲಿಸಿ. ಅಮೋನಿಯಾ ತೆಗೆಯುವ ಬಾಟಲಿ ಔಷಧವನ್ನು ಕಾಪರ್ ಜೊತೆ ಸೇರಿಸಬೇಡಿ, ಕೆಲವು ಬಗೆಯವು ಕಾಪರ್ ಅನ್ನು ಇನ್ನೂ ವಿಷವಾಗಿಸುತ್ತವೆ.

ಎರಡೂ ಟ್ಯಾಂಕ್‌ಗೆ ಬಲೆ, ಪೈಪು, ಬಕೆಟ್ ಬೇರೆ ಬೇರೆ ಇರಲಿ. ನಡುವೆ ಕನಿಷ್ಠ 3 ಮೀಟರ್ ಅಂತರ ಇರಲಿ. ವೆಲ್ವೆಟ್‌ನ ಮರಿಗಳು ಗುಳ್ಳೆ ಒಡೆದಾಗ ಏಳುವ ತುಂತುರಿನಲ್ಲೇ ಅಷ್ಟು ದೂರ ಹೋಗಬಲ್ಲವು. ಟ್ಯಾಂಕ್‌ನಲ್ಲಿ ಒಂದೇ ಮೀನಿಗೆ ರೋಗ ಕಂಡಿದ್ದರೂ ಇಚ್, ವೆಲ್ವೆಟ್, ಬ್ರೂಕ್ ಆಗಿದ್ದರೆ ಎಲ್ಲ ಮೀನುಗಳನ್ನೂ ಹೊರತೆಗೆಯಬೇಕು. ಕಲ್ಲುಗಳನ್ನೆಲ್ಲ ಎತ್ತಿ ಹಿಡಿಯುವುದು ಬೇಸರದ ಕೆಲಸ ನಿಜ. ಬೇರೆ ದಾರಿ ಇಲ್ಲ.

ಹಂತ 6: ಒಂದು ರೋಗಕ್ಕೆ ಒಂದು ಔಷಧ

*ಕಾಪರ್ (ಇಚ್, ವೆಲ್ವೆಟ್)*

ಎರಡು ಬಗೆ ಇದೆ. ಚೆಲೇಟೆಡ್ (ಬೇರೊಂದು ರಾಸಾಯನಿಕದ ಜೊತೆ ಕಟ್ಟಿಹಾಕಿದ) ಕಾಪರ್‌ನ ಮಟ್ಟ ಲೀಟರಿಗೆ 2.0ರಿಂದ 2.5 ಮಿಲಿಗ್ರಾಂ. ಬರೀ ಕಾಪರ್ ಸಲ್ಫೇಟ್ ಆದರೆ 0.15ರಿಂದ 0.20 ಮಿಲಿಗ್ರಾಂ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕಿದರೆ ಹತ್ತು ಪಟ್ಟಿಗೂ ಜಾಸ್ತಿ ವ್ಯತ್ಯಾಸ, ಮೀನು ಅಂದೇ ಹೋಗುತ್ತದೆ. ಬಾಟಲಿಯ ಮೇಲೆ ಬೇರೆ ಮಟ್ಟ ಬರೆದಿದ್ದರೆ ಅದನ್ನೇ ಪಾಲಿಸಿ, ಏಕೆಂದರೆ ಎಲ್ಲ ಕಂಪನಿಯ ಕಾಪರ್ ಒಂದೇ ರೀತಿ ಇರುವುದಿಲ್ಲ. ಮಲೆನಾಡು ಕರಾವಳಿಯ ಓದುಗರಿಗೆ ಒಂದು ಮಾತು: ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಮೈಲುತುತ್ತವೂ ಕಾಪರ್ ಸಲ್ಫೇಟೇ. ಹಾಗಂತ ತೋಟದ ಚೀಲದಿಂದ ಚಮಚ ತೆಗೆದು ಟ್ಯಾಂಕ್‌ಗೆ ಹಾಕಬೇಡಿ. ಅದರ ಶುದ್ಧತೆ ಬೇರೆ, ಅಷ್ಟು ಸಣ್ಣ ಅಳತೆ ಚಮಚದಲ್ಲಿ ಸಿಗುವುದೂ ಇಲ್ಲ.

ಟೆಸ್ಟ್ ಕಿಟ್ ಇಲ್ಲದೆ ಕಾಪರ್ ಮುಟ್ಟಲೇಬಾರದು. ನೀವು ತಂದ ಬಗೆಯ ಕಾಪರ್ ಅನ್ನು ಆ ಕಿಟ್ ಅಳೆಯುತ್ತದೆಯೇ ಅಂತ ಕೇಳಿ ತನ್ನಿ. ಇಚ್ ಆದರೆ ಎರಡು ಮೂರು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಮಟ್ಟ ಏರಿಸಿ. ವೆಲ್ವೆಟ್‌ಗೆ ಅಷ್ಟು ಕಾಯಲು ಆಗುವುದಿಲ್ಲ, ಚೆಲೇಟೆಡ್ ಬಳಸಿ ಒಂದು ದಿನದೊಳಗೆ ಮುಟ್ಟಿಸಿ. ಮಟ್ಟ ತಲುಪಿದ ದಿನದಿಂದ 30 ದಿನ. ನಡುವೆ ಒಂದು ದಿನ ಮಟ್ಟ ಕೆಳಗಿಳಿದರೂ ಎಣಿಕೆ ಮತ್ತೆ ಮೊದಲಿಂದ. ದಿನಾ ಪರೀಕ್ಷೆ ಮಾಡಿ. ನೀರು ಬದಲಿಸುವಾಗ ಹೊಸ ನೀರಿಗೂ ಮೊದಲೇ ಅಷ್ಟೇ ಕಾಪರ್ ಬೆರೆಸಿ ಆಮೇಲೆ ಹಾಕಿ.

ಮೊದಲ ವಾರ ಚುಕ್ಕೆ ಕಡಿಮೆಯಾಗದಿದ್ದರೆ, ಜಾಸ್ತಿಯಾದರೂ, ಗಾಬರಿಯಾಗಿ ಡೋಸ್ ಏರಿಸಬೇಡಿ. ಅವು ಮೊದಲೇ ಚರ್ಮದೊಳಗೆ ಸೇರಿದ್ದವು. ಊಟ ಸ್ವಲ್ಪ ಕಡಿಮೆಯಾಗುವುದು ಸಾಮಾನ್ಯ. ಪೂರ್ತಿ ನಿಲ್ಲಿಸಿ ಒಂದೇ ಕಡೆ ಬಿದ್ದುಕೊಂಡರೆ ನೀರು ಬದಲಿಸಿ ಮಟ್ಟ ಇಳಿಸಿ. ಡ್ವಾರ್ಫ್ ಏಂಜೆಲ್, ವ್ರಾಸ್, ಪಫರ್, ಲಯನ್‌ಫಿಶ್, ಮ್ಯಾಂಡರಿನ್‌ಗಳಿಗೆ ಕಾಪರ್ ಬೇಗ ತೊಂದರೆ ಕೊಡುತ್ತದೆ, ಅವಕ್ಕೆ ಇನ್ನೂ ನಿಧಾನ. ಶಾರ್ಕ್, ತೊರಕೆಗಳಿಗೆ ಬೇಡವೇ ಬೇಡ.

*ಟ್ಯಾಂಕ್ ಬದಲಿಸುವ ವಿಧಾನ (ಇಚ್ ಮಾತ್ರ)*

ಒಂದೋ ಎರಡೋ ಸಣ್ಣ ಮೀನು ಇದ್ದರೆ ನನಗೆ ಇದೇ ಇಷ್ಟ. ಔಷಧವೇ ಬೇಡ. ಎರಡು ಪ್ಲಾಸ್ಟಿಕ್ ಟಬ್ಬು, ಎರಡು ಜೊತೆ ಹೀಟರ್ ಮತ್ತು ಏರ್ ಸ್ಟೋನ್ ಇರಲಿ. ಪ್ರತಿ 72 ಗಂಟೆ ಮುಗಿಯುವ ಮುಂಚೆ ಮೀನನ್ನು ಹೊಸ ಉಪ್ಪುನೀರಿನ ಟಬ್ಬಿಗೆ ಸಾಗಿಸಿ. ಹಳೆಯದನ್ನು ಖಾಲಿ ಮಾಡಿ, ಎಲ್ಲವನ್ನೂ ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಹೀಗೆ 4 ಸಲ. ಉದುರಿದ ಇಚ್ ಚಿಪ್ಪು ಒಡೆಯಲು ಕನಿಷ್ಠ 3 ದಿನ ಬೇಕಲ್ವಾ, ಅಷ್ಟರಲ್ಲಿ ಮೀನು ಅಲ್ಲಿರುವುದಿಲ್ಲ. ಮೀನಿನ ಜೊತೆ ಹಳೆಯ ನೀರು ಹೋಗದಂತೆ ನೋಡಿಕೊಳ್ಳಿ. ಎರಡು ಟಬ್ಬಿನ ಉಪ್ಪು, ಉಷ್ಣತೆ ಒಂದೇ ಇರಲಿ.

*ಉಪ್ಪು ಇಳಿಸುವುದು (ಇಚ್)*

1.009ಕ್ಕೆ ಇಳಿಸಿ 30 ದಿನ ಇಡುವುದು. ಎರಡು ದಿನದಲ್ಲಿ ಇಳಿಸಬಹುದು, ವಾಪಸ್ ಏರಿಸಲು ಒಂದು ವಾರ ಬೇಕು. ಮುಳ್ಳು ಆಡುವ ಅಗ್ಗದ ಹೈಡ್ರೋಮೀಟರ್ ನಂಬಬೇಡಿ, ರಿಫ್ರ್ಯಾಕ್ಟೋಮೀಟರ್ ಬೇಕು. ಪಿಎಚ್ ಇಳಿಯುತ್ತಿರುತ್ತದೆ, ದಿನಾ ನೋಡಿ. ವೆಲ್ವೆಟ್‌ಗೆ ಇದು ಕೆಲಸಕ್ಕೆ ಬರುವುದಿಲ್ಲ. ಕಾಪರ್ ಜೊತೆ ಸೇರಿಸಬೇಡಿ.

*ಫಾರ್ಮಲಿನ್ (ಬ್ರೂಕ್)*

37% ಫಾರ್ಮಲಿನ್, ಲೀಟರಿಗೆ 0.15 ಮಿಲಿ, ಅಂದರೆ 10 ಲೀಟರ್ ಬಕೆಟ್‌ಗೆ 1.5 ಮಿಲಿ. ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆಯಿರಿ. 45 ನಿಮಿಷ, ಏರ್ ಸ್ಟೋನ್ ಜೋರಾಗಿ ಓಡುತ್ತಿರಬೇಕು, ಏಕೆಂದರೆ ಫಾರ್ಮಲಿನ್ ನೀರಿನ ಆಮ್ಲಜನಕವನ್ನು ತಿನ್ನುತ್ತದೆ. ಮೀನು ತಲೆಕೆಳಗಾದರೆ ಕೂಡಲೇ ಹೊರಕ್ಕೆ. ಸ್ನಾನದ ನಂತರ ಹಳೆಯ ಟಬ್ಬಿಗೆ ಬೇಡ, ಹೊಸ ಶುದ್ಧ ಟಬ್ಬಿಗೆ ಬಿಡಿ. ಎರಡು ಮೂರು ದಿನ ಬಿಟ್ಟು ಮತ್ತೊಮ್ಮೆ. ಬಾಟಲಿಯ ತಳದಲ್ಲಿ ಬಿಳಿ ಗಷ್ಟು ಕಂಡರೆ ಆ ಬಾಟಲಿ ವಿಷ, ಬಳಸಬೇಡಿ. ಇದು ಮನುಷ್ಯರಿಗೆ ಕ್ಯಾನ್ಸರ್ ತರುವ ರಾಸಾಯನಿಕ. ಕೈಗವಸು ಹಾಕಿ, ಬಾಲ್ಕನಿಯಲ್ಲೋ ಟೆರೇಸ್‌ನಲ್ಲೋ ಮಾಡಿ, ಮಕ್ಕಳನ್ನು ದೂರವಿಡಿ.

*ವೆಲ್ವೆಟ್ ತುರ್ತಿಗೆ ಪೆರಾಕ್ಸೈಡ್*

ಕಾಪರ್ ಕೆಲಸ ಶುರುಮಾಡುವವರೆಗೆ ಮೀನು ಬದುಕುವುದೇ ಅನುಮಾನ ಅನ್ನಿಸಿದಾಗ, ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ 75 ಪಿಪಿಎಂ (ಲೀಟರಿಗೆ 75 ಮಿಲಿಗ್ರಾಂ) ಮಟ್ಟದ 30 ನಿಮಿಷದ ಸ್ನಾನ ಸಹಾಯ ಮಾಡುತ್ತದೆ. ನೀರು ಉಪ್ಪುನೀರೇ ಇರಬೇಕು. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು 6% ದ್ರಾವಣ, ಅದಾದರೆ ಲೀಟರಿಗೆ 1.25 ಮಿಲಿ. 3% ಆದರೆ 2.5 ಮಿಲಿ. ಲೇಬಲ್ ಎರಡು ಸಲ ಓದಿ. ಸ್ನಾನ ಮುಗಿದ ಮೇಲೆ ನೇರ ಕಾಪರ್ ಟ್ಯಾಂಕ್‌ಗೆ.

*ಪ್ರಾಜಿಕ್ವಾಂಟೆಲ್ (ಫ್ಲೂಕ್)*

ಲೀಟರಿಗೆ 2.5 ಮಿಲಿಗ್ರಾಂ. 100 ಲೀಟರಿಗೆ 250 ಮಿಲಿಗ್ರಾಂ ಆಯಿತು. ಹುಳು ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ಅದಕ್ಕೇ 5ರಿಂದ 7 ದಿನ ಬಿಟ್ಟು ಎರಡನೇ ಡೋಸ್ ಕಡ್ಡಾಯ. ಮೊದಲ ಡೋಸ್‌ಗೇ ಮೀನು ಚುರುಕಾಯಿತು ಅಂತ ಬಿಟ್ಟವರು ಎರಡು ವಾರಕ್ಕೆ ಮತ್ತೆ ಅಲ್ಲಿಗೇ ಬರುತ್ತಾರೆ.

ಆಂಟಿಬಯಾಟಿಕ್ ಬಗ್ಗೆ ಒಂದೇ ಮಾತು: ಮನೆಯಲ್ಲಿ ಉಳಿದ ಮಾತ್ರೆ ಪುಡಿ ಮಾಡಿ ಹಾಕಬೇಡಿ. ಪಶುವೈದ್ಯರನ್ನು ಕೇಳಿ. ಮೀನು ನೋಡುವವರು ಕಡಿಮೆ, ಆದರೆ ಮಂಗಳೂರಿನಲ್ಲಿ 1969ರಿಂದ ಇರುವ ಮೀನುಗಾರಿಕಾ ಕಾಲೇಜಿನಲ್ಲಿ ಜಲಚರಗಳ ಆರೋಗ್ಯಕ್ಕೇ ಒಂದು ವಿಭಾಗವಿದೆ. ಅಂಗಡಿಯವರ ಊಹೆಗಿಂತ ಅಲ್ಲಿ ಕೇಳುವುದು ಮೇಲು.

ಮೀನು ಸತ್ತರೆ

ಬೇಸರ ಆಗುತ್ತದೆ, ಆದರೂ ಕೂಡಲೇ ಬಿಸಾಕಬೇಡಿ. ಉಳಿದ ಮೀನುಗಳಿಗೆ ಏನು ಕೊಡಬೇಕು ಅಂತ ಹೇಳುವುದು ಇದೇ. ಸತ್ತ ಒಂದು ಗಂಟೆಯೊಳಗೆ ಕಿವಿರಿನ ಸಣ್ಣ ತುಂಡು ಕತ್ತರಿಸಿ, ಒಂದು ಹನಿ ಟ್ಯಾಂಕ್ ನೀರಿನ ಜೊತೆ ಸ್ಲೈಡ್ ಮೇಲಿಟ್ಟು 40ರಿಂದ 100 ಪಟ್ಟು ಹಿಗ್ಗಿಸಿ ನೋಡಿ. ಶಾಲೆಗಳಲ್ಲಿರುವ ಸಾದಾ ಮೈಕ್ರೋಸ್ಕೋಪ್ ಸಾಕು. ಅಲುಗಾಡದ, ಮೊಟ್ಟೆಯಾಕಾರದ ಕಪ್ಪು ಕಾಳುಗಳು ವೆಲ್ವೆಟ್. ಮೆಲ್ಲಗೆ ಉರುಳುವ ದೊಡ್ಡ ದುಂಡನೆಯದು ಇಚ್. ಹೃದಯದ ಆಕಾರದಲ್ಲಿ ಓಡಾಡುವ ಸಣ್ಣವು ಬ್ರೂಕ್. ನೀರಿನ ಹನಿಯ ಆಕಾರದಲ್ಲಿ ಇನ್ನೂ ಸಣ್ಣಗೆ, ಬಹಳ ವೇಗವಾಗಿ ಓಡುವವು ಯುರೋನೀಮಾ. ಕೂಡಲೇ ನೋಡಲು ಆಗದಿದ್ದರೆ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ.

ಉಳಿಯುವ ದಾರಿಯೇ ಇಲ್ಲದೆ ನರಳುತ್ತಿದ್ದರೆ ಲವಂಗದ ಎಣ್ಣೆ ಇದೆ. ಲೀಟರಿಗೆ 0.4 ಮಿಲಿ ಎಣ್ಣೆಯನ್ನು ಮೊದಲು ಸ್ವಲ್ಪ ಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ಕುಲುಕಿ, ಆಮೇಲೆ ಮೀನಿರುವ ನೀರಿಗೆ ಸೇರಿಸಿ. ಕಿವಿರು ನಿಂತ ಮೇಲೂ ಅರ್ಧ ಗಂಟೆ ಅಲ್ಲೇ ಬಿಡಿ. ಸತ್ತ ಮೀನನ್ನಾಗಲಿ ಔಷಧದ ನೀರನ್ನಾಗಲಿ ಕೆರೆಗೆ, ಸಮುದ್ರಕ್ಕೆ ಸುರಿಯಬೇಡಿ.

ಮುಖ್ಯ ಟ್ಯಾಂಕ್ ಖಾಲಿ ಬಿಡುವುದು

ಅತಿ ಹೆಚ್ಚು ಜನ ಸೋಲುವುದು ಇಲ್ಲೇ. ಒಂದು ತಿಂಗಳು ಕಷ್ಟಪಟ್ಟು ಮೀನನ್ನು ಗುಣಪಡಿಸಿ, ಅದೇ ಸೋಂಕಿನ ಟ್ಯಾಂಕ್‌ಗೆ ವಾಪಸ್ ಬಿಡುತ್ತಾರೆ. ಇಚ್ ಆಗಿದ್ದರೆ ಮುಖ್ಯ ಟ್ಯಾಂಕ್ 76 ದಿನ ಮೀನಿಲ್ಲದೆ ಇರಬೇಕು. ಆ 72 ದಿನದ ಚಿಪ್ಪು ನೆನಪಿದೆಯಲ್ಲ, ಅದರ ಮೇಲೆ ಸ್ವಲ್ಪ ಸೇರಿಸಿದ ಲೆಕ್ಕ. ವೆಲ್ವೆಟ್, ಬ್ರೂಕ್‌ಗೆ 6 ವಾರ. ಹವಳ, ಸಿಗಡಿ, ಬಸವನಹುಳು ಅಲ್ಲೇ ಇರಲಿ, ಅವಕ್ಕೆ ಈ ರೋಗ ಬರುವುದಿಲ್ಲ. ದಿನಾ ಚಿಟಿಕೆ ಊಟ ಹಾಕುತ್ತಿರಿ, ಫಿಲ್ಟರ್‌ನ ಬ್ಯಾಕ್ಟೀರಿಯಾ ಉಪವಾಸ ಬೀಳಬಾರದು. ಉಷ್ಣತೆ 27ರ ಹತ್ತಿರ ಇಡಿ.

ಕಾಪರ್ ಕೋರ್ಸ್ ಮುಗಿದ ಮೀನಿಗೆ ಉಳಿದ ದಿನಗಳಲ್ಲಿ ಔಷಧ ಇಲ್ಲದ ಶುದ್ಧ ನೀರು, ಒಳ್ಳೆಯ ಊಟ ಕೊಡಿ. ಈ ಅವಧಿಯಲ್ಲಿ ಮುಖ್ಯ ಟ್ಯಾಂಕ್‌ಗೆ ಹೊಸದಾಗಿ ಏನನ್ನೂ ಹಾಕಬೇಡಿ. ಅಂಗಡಿಯಿಂದ ತಂದ ಹವಳದ ಬುಡದಲ್ಲಿ, ಬಸವನಹುಳುವಿನ ಚಿಪ್ಪಿನ ಮೇಲೆ ಇಚ್‌ನ ಚಿಪ್ಪು ಅಂಟಿಕೊಂಡು ಬರಬಹುದು. 70ನೇ ದಿನ ಆಸೆಗೆ ಬಿದ್ದು ಒಂದು ಬಸವನಹುಳು ತಂದು ಬಿಟ್ಟರೂ 76ರ ಎಣಿಕೆ ಅಂದಿನಿಂದ ಮತ್ತೆ ಶುರು.